ಮಿದುಳಿನ ಲಿಂಫೋಮಾ: ಡಾಕ್ಟರನ್ನು ಕೇಳಿ (ಮುಂಬಯಿ ಕನ್ನಡಿಗರ ಆರೋಗ್ಯ ಬಳಗ)

ಸುಜಾತಾ, ಡೊಂಬಿವಿಲಿ: ಡಾಕ್ಟರೇ, ನಮ್ಮ ಮಾವನವರಿಗೆ 64 ವರ್ಷ. ಎಂಆರ್‌ಐ ವರದಿಯಲ್ಲಿ ‘ಮಿದುಳಿನ ಲಿಂಫೋಮಾ ಅಥವಾ ಕ್ಷಯದ ಗಂಟು’ ಎಂದಿದೆ. ಲಿಂಫೋಮಾ ಎಂದರೆ ಬಿಳಿ ರಕ್ತಕಣದ ಒಂದು ಬಗೆಯ ಕ್ಯಾನ್ಸರ್ ಅಂತೆ. ಎಂಆರ್‌ಐ ಯಂತ್ರದಲ್ಲೇ ಗಂಟಿನ ರಾಸಾಯನಿಕಗಳನ್ನು ಅಳೆಯುವ ಸ್ಪೆಕ್ಟ್ರೋಸ್ಕೋಪಿಯಲ್ಲಿ ಕೋಲಿನ್ ಹೆಚ್ಚು, ಎನ್‌ಎಎ ಕಡಿಮೆ, ಲಿಪಿಡ್ ಹೆಚ್ಚು. ಇಷ್ಟು ತಿಳಿದ ಮೇಲೂ ಗಂಟಿನ ಚೂರು ತೆಗೆದು ನೋಡುವ ಬಯಾಪ್ಸಿ ಬೇಕೇ? ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಶುರುವಾದ ಮೇಲೆ ತಲೆನೋವು ಪೂರ್ತಿ ಇಳಿದಿದೆ.

ಡಾಕ್ಟರ್: ನನ್ನನ್ನು ಹೆದರಿಸಿದ್ದು ನಿಮ್ಮ ಕೊನೆಯ ವಾಕ್ಯ. ಲಿಂಫೋಮಾ ಆಗಿದ್ದರೆ ಸ್ಟೀರಾಯ್ಡ್‌ಗೆ ಅದರ ಜೀವಕೋಶಗಳು ಸಾಯುತ್ತವೆ. ಸ್ಕ್ಯಾನ್‌ನಲ್ಲಿ ಗಂಟೇ ಕಾಣದಂತಾಗಬಹುದು. ಆಮೇಲೆ ಬಯಾಪ್ಸಿ ಮಾಡಿದರೆ ರೋಗ ಯಾವುದೆಂದು ಹೇಳಲು ಏನೂ ಸಿಗದೆ ಹೋಗಬಹುದು. ಮನೆಯವರು ವಾಸಿಯಾಯಿತೆಂದು ಹಿಗ್ಗುತ್ತಾರೆ, ಗಂಟು ಮರಳಿ ಬರುತ್ತದೆ. ಹಾಗೆಂದು ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಮಿದುಳಿನ ಬಾವು ಏರಿದರೆ ಪ್ರಾಣಾಪಾಯ. ಇಂದೇ ನರಶಸ್ತ್ರಚಿಕಿತ್ಸಕರನ್ನು ಕಾಣಿ.

ಕೋಲಿನ್ ಏರಿದೆ ಎಂದರೆ ಜೀವಕೋಶದ ಪೊರೆಗಳು ಭರದಿಂದ ಕಟ್ಟಿ ಒಡೆಯುತ್ತಿವೆ. ಎನ್‌ಎಎ ನರಕೋಶದ ಗುರುತು. ಅದು ಇಳಿದರೆ ನರಕೋಶ ಅಳಿದಿದೆ. ಲಿಪಿಡ್ ಎಂದರೆ ಕೊಬ್ಬು. ಅದು ಕ್ಷಯದ ಗಂಟಿನಲ್ಲೂ ಏರುತ್ತದೆ, ಕೋಲಿನ್ ಸಾಮಾನ್ಯವಾಗಿ ಅಲ್ಲಿ ಅಷ್ಟು ಏರುವುದಿಲ್ಲ. ಗ್ಲಿಯೋಬ್ಲಾಸ್ಟೋಮಾ ಎಂಬ ಇನ್ನೊಂದು ಮಿದುಳಿನ ಕ್ಯಾನ್ಸರಿನಲ್ಲಿ ಎರಡೂ ಏರಬಹುದು. ಗಂಟಿನ ನಡುಭಾಗ ಕೊಳೆಯದಿದ್ದೂ ಲಿಪಿಡ್ ಹೆಚ್ಚಿದ್ದರೆ ಅನುಮಾನ ಲಿಂಫೋಮಾ ಕಡೆ ವಾಲುತ್ತದೆ. ವಾಲುತ್ತದೆ, ಅಷ್ಟೇ. ಅನುಮಾನವನ್ನು ನಂಬಿ ಲಿಂಫೋಮಾದ ಔಷಧ ಮೆಥೊಟ್ರೆಕ್ಸೇಟ್ ಹಾಕಲಾಗದು. ಬಯಾಪ್ಸಿ ಬೇಕು. ಎಚ್‌ಐವಿ ಪರೀಕ್ಷೆ, ಕಣ್ಣಿನ ತಪಾಸಣೆಯೂ ಆಗಲಿ.

ರಮಾನಂದ, ಸಾಂತಾಕ್ರೂಜ್: ರಕ್ತ ಪರೀಕ್ಷೆಯಲ್ಲೇ ತಿಳಿಯುವುದಿಲ್ಲವೇ?

ಡಾಕ್ಟರ್: ಇಲ್ಲ.

ಗೀತಾ, ಥಾಣೆ: ರಕ್ತದಲ್ಲಿ ಎಲ್‌ಡಿಎಚ್ ಎಂಬ ಕಿಣ್ವ ಹೆಚ್ಚಿದ್ದರೆ?

ಡಾಕ್ಟರ್: ಅದು ಹತ್ತಾರು ಕಾರಣಕ್ಕೆ ಏರುತ್ತದೆ. ಮೇಲೆ ಹೇಳಿದ್ದೇನೆ, ಓದಿ.

ವಸಂತ, ಮುಲುಂಡ್: ಪೆಟ್ ಸ್ಕ್ಯಾನ್‌ನಲ್ಲಿ ಗಂಟು ಸಕ್ಕರೆ ಹೀರುವುದು ಕಾಣುತ್ತದಂತೆ. ಸಕ್ಕರೆ ಬಿಟ್ಟು ಲಕ್ಷ್ಮಣಫಲದ ಎಲೆಯ ಕಷಾಯ ಕುಡಿದರೆ ಕ್ಯಾನ್ಸರ್ ಉಪವಾಸ ಬಿದ್ದು ಸಾಯುತ್ತದೆ. ನನಗೆ ಬಂದದ್ದನ್ನು ಹಂಚಿದ್ದೇನೆ.

ಡಾಕ್ಟರ್: ಬಂದದ್ದನ್ನೆಲ್ಲ ಸುರಿಯಲು ಇದು ಅಂಚೆ ಪೆಟ್ಟಿಗೆಯಲ್ಲ. ಚಹಾದ ಸಕ್ಕರೆ ಬಿಟ್ಟರೂ ಯಕೃತ್ತು ರಕ್ತಕ್ಕೆ ಗ್ಲೂಕೋಸ್ ಒದಗಿಸುತ್ತಲೇ ಇರುತ್ತದೆ. ಮೆಥೊಟ್ರೆಕ್ಸೇಟ್ ಹೊರಹೋಗುವುದು ಮೂತ್ರಪಿಂಡದಿಂದ. ಕಷಾಯ ಕುಡಿದು ಮೂತ್ರಪಿಂಡ ಕೆಟ್ಟರೆ ಔಷಧ ಮೈಯಲ್ಲೇ ನಿಂತು ವಿಷವಾಗುತ್ತದೆ. ದಯವಿಟ್ಟು ಅಳಿಸಿ.

ವಸಂತ: ನನ್ನ ಭಾವನಿಗೆ ಬಯಾಪ್ಸಿಗೆಂದು ಸೂಜಿ ಚುಚ್ಚಿದ ಮೇಲೇ ರೋಗ ಹರಡಿತು.

ಗೀತಾ: ನಿಮ್ಮ ಭಾವನಿಗಿದ್ದದ್ದು ಹೊಟ್ಟೆಯ ಕ್ಯಾನ್ಸರ್ ಎಂದು ಮಾಟುಂಗಾದಲ್ಲಿ ನೀವೇ ಹೇಳಿದ್ದಿರಲ್ಲ?

ವಸಂತ: ಎಲ್ಲ ಗಂಟೂ ಗಂಟೇ ಅಮ್ಮಾ.

ರಮಾನಂದ: ವಸಂತಣ್ಣ, ಸಾಕು ಮಾಡಿ.

ವಸಂತ: ಹೋಟೆಲ್ ನಡೆಸುವ ನಿಮಗೇನು ಗೊತ್ತು?

ರಮಾನಂದ: ಕಷಾಯ ಕುದಿಸುವುದು ನಿಮಗಿಂತ ಚೆನ್ನಾಗಿ ಗೊತ್ತು.

ಶೋಭಾ, ಕಲ್ಯಾಣ: ನನಗೆ ಅರೆತಲೆನೋವು. ನಾನೂ ಸ್ಪೆಕ್ಟ್ರೋಸ್ಕೋಪಿ ಮಾಡಿಸಲೇ?

ಪ್ರಭಾಕರ, ವಾಶಿ: ತಡವಾಗಿ ಸೇರಿದೆ. ಇದಕ್ಕೆ ರಕ್ತ ಪರೀಕ್ಷೆ ಇದೆಯೇ?

ಡಾಕ್ಟರ್: ಇಲ್ಲ, ಇಲ್ಲ, ಇಲ್ಲ.

ಸುಜಾತಾ: ಸಂಜೆಗೆ ಸಮಯ ಸಿಕ್ಕಿದೆ. ಏನೇನು ಒಯ್ಯಲಿ?

ಡಾಕ್ಟರ್: ಸ್ಕ್ಯಾನ್‌ನ ಸಿಡಿ, ಮೊಬೈಲ್‌ನಲ್ಲಿ ತೆಗೆದ ಫೋಟೋ ಸಾಲದು. ಸ್ಟೀರಾಯ್ಡ್ ಯಾವ ದಿನ ಶುರುವಾಯಿತು, ಎಷ್ಟು ಮಿಲಿಗ್ರಾಂ ಎಂಬುದನ್ನು ಚೀಟಿಯಲ್ಲಿ ಬರೆದು ಮೊದಲು ಅದನ್ನೇ ಕೊಡಿ.