ವೃತ್ತ ಸಭೆಯಲ್ಲಿ ಉಳಿಯುವ ಒಂದು ಗಂಟೆ: ಅಂಗನವಾಡಿ ಕಾರ್ಯಕರ್ತೆಯರಿಗೆ ಏನು ಕಲಿಸುವುದು?

ಮೇಲ್ವಿಚಾರಕಿ, ಮದ್ದೂರು ತಾಲ್ಲೂಕು
‘ಪೋಷಣ್ ಭಿ ಪಢಾಯಿ ಭಿ’ (ಪೋಷಣೆಯ ಜೊತೆ ಕಲಿಕೆಯೂ) ತರಬೇತಿ ಮುಗಿಸಿ ಬಂದವರ ಕೇಂದ್ರಗಳಲ್ಲೂ ಮಕ್ಕಳು ಸಾಲಾಗಿ ಕೂತು ಒಂದರಿಂದ ನೂರು ಒಪ್ಪಿಸುತ್ತಲೇ ಇದ್ದಾರೆ. ನನ್ನ ವೃತ್ತದ (ನಾನು ನೋಡಿಕೊಳ್ಳುವ ಅಂಗನವಾಡಿಗಳ ಗುಂಪಿನ) ತಿಂಗಳ ಸಭೆಯಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್, ರಿಜಿಸ್ಟರ್ ಎಲ್ಲ ಮುಗಿದ ಮೇಲೆ ಒಂದು ಗಂಟೆ ಸಿಗುತ್ತದೆ. ಈಗ ತಾನೇ ಸೇರಿದವರು, ಇಪ್ಪತ್ತು ವರ್ಷ ಸರ್ವಿಸ್ ಆದವರು ಒಟ್ಟಿಗೇ ಕೂರುತ್ತಾರೆ. ಹೇಗೆ ಬಳಸಲಿ?

ಸಂಪನ್ಮೂಲ ವ್ಯಕ್ತಿ, ಮೈಸೂರು
ಮೇಡಂ, ಮೂರು ದಿನದ ತರಬೇತಿಯಲ್ಲಿ ವಿಷಯ ತಿಳಿಯುತ್ತದೆ, ಕೈ ಪಳಗುವುದಿಲ್ಲ. ತಿಂಗಳಿಗೆ ಒಂದೇ ಅಭ್ಯಾಸ ಹಿಡಿಯಿರಿ. ಎಣಿಕೆಯಿಂದಲೇ ಶುರು ಮಾಡಿ. ನೂರರವರೆಗೆ ಒಪ್ಪಿಸುವ ಮಗುವಿಗೆ ‘ಐದು ಹುಣಸೆ ಬೀಜ ಕೊಡು’ ಅನ್ನಿ, ಎಷ್ಟೋ ಸಲ ಹಿಡಿ ತುಂಬ ಕೊಡುತ್ತದೆ. ಒಂದು ಅಂಕಿಗೆ ಒಂದೇ ವಸ್ತು ಅನ್ನುವುದು ಬಾಯಿಪಾಠದಿಂದ ಬರುವುದಿಲ್ಲ.

ಮೊದಲ 10 ನಿಮಿಷ ಹೋದ ತಿಂಗಳದ್ದು ಏನಾಯಿತು ಅಂತ ಕೇಳಿ. ಆಮೇಲೆ ಐದೈದು ಕಾರ್ಯಕರ್ತೆಯರ ಗುಂಪು: ಒಬ್ಬರು ಟೀಚರ್, ನಾಲ್ವರು ಮಕ್ಕಳ ಪಾತ್ರದಲ್ಲಿ. ಗುಂಪಿಗೆ ಒಂದು ತಟ್ಟೆ, 10 ಬೀಜ. ಒಂದೊಂದೇ ಬೀಜ ಪಕ್ಕಕ್ಕೆ ಸರಿಸುತ್ತಾ ಎಣಿಸಬೇಕು, ಕೊನೆಗೆ ‘ಒಟ್ಟು ಎಷ್ಟು?’ ಅಂತ ಕೇಳಿ ಸುಮ್ಮನಿರಬೇಕು. ಎಡವುವುದು ಇಲ್ಲೇ. ಮಗು ಬಾಯಿ ತೆರೆಯುವ ಮೊದಲೇ ಟೀಚರ್ ಉತ್ತರ ಹೇಳಿಬಿಡುತ್ತಾರೆ. ಮನಸ್ಸಿನಲ್ಲೇ ಐದು ಎಣಿಸುವ ತನಕ ಕಾಯುವುದನ್ನು ರೂಢಿ ಮಾಡಿಸಿ. ಮಗು ಮತ್ತೆ ಮೊದಲಿಂದ ಎಣಿಸತೊಡಗಿದರೆ, ಕೊನೆಯ ಅಂಕಿಯೇ ಒಟ್ಟು ಅನ್ನುವುದು ಅದಕ್ಕಿನ್ನೂ ಹೊಳೆದಿಲ್ಲ. ಮೂರು ಬೀಜಕ್ಕೆ ಇಳಿಯಿರಿ. ಎಲ್ಲರೂ ಸರದಿಯಂತೆ ಟೀಚರ್ ಆಗಲೇಬೇಕು, ನೋಡಿದ್ದಷ್ಟೇ ಸಾಲದು. ಒಂದು ಎಚ್ಚರ: ಮೂರು ವರ್ಷದೊಳಗಿನವರ ಕೈಗೆ ಬೀಜ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅವರಿಗೆ ಲೋಟ, ತಟ್ಟೆ ಕೊಡಿ.

ನಿವೃತ್ತ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಮಂಡ್ಯ
ಮೇಲಿನ ಮಾತು ಸರಿ, ಆದರೆ ಸಭೆಯೊಂದರಿಂದಲೇ ಆಗದು. ಕೇಂದ್ರಕ್ಕೆ ಹೋದಾಗ ಮೊದಲು 20 ನಿಮಿಷ ಮಕ್ಕಳ ಜೊತೆ ಕೂತು ನೋಡಿ, ರಿಜಿಸ್ಟರ್ ಆಮೇಲೆ. ಮೊದಲೇ ರಿಜಿಸ್ಟರ್ ತೆಗೆಸಿದರೆ ಅದು ತಪಾಸಣೆ, ಹೆದರಿಕೆಯಲ್ಲಿ ಯಾರೂ ಹೊಸದನ್ನು ಮಾಡಿ ನೋಡುವುದಿಲ್ಲ. ಹೊರಡುವಾಗ ಎರಡೇ ಮಾತು: ಚೆನ್ನಾಗಿ ಆದದ್ದು ಒಂದು, ಬದಲಿಸಬೇಕಾದ್ದು ಒಂದು.

ಇಪ್ಪತ್ತು ವರ್ಷದವರಿಗೆ ಹೊಸಬರ ಪಾಠವನ್ನೇ ಹೇಳಿದರೆ ಬೇಸರವಾಗುತ್ತದೆ. ಪಕ್ಕದೂರಿನ ಹೊಸಬರೊಬ್ಬರಿಗೆ ಜೋಡಿ ಮಾಡಿ, ತಿಂಗಳಿಗೆ ಅರ್ಧ ದಿನ ಹೋಗಿಬರಲಿ. ಅಷ್ಟು ಹೊತ್ತು ಸಹಾಯಕಿಯೇ ಮಕ್ಕಳನ್ನು ನೋಡಿಕೊಳ್ಳಬೇಕಲ್ಲ, ಹಾಗಾಗಿ ಅವರಿಗೂ ಈ ಆಟ ಕಲಿಸಿ. ಐದು ವರ್ಷ ಅನುಭವವಿರುವ ಅರ್ಹ ಸಹಾಯಕಿಯರಿಗೆ ಕಾರ್ಯಕರ್ತೆ ಹುದ್ದೆಗಳಲ್ಲಿ ಶೇ 50 ಬಡ್ತಿ ಅಂತ ಕೇಂದ್ರ ಸರ್ಕಾರದ ಸಕ್ಷಮ್ ಅಂಗನವಾಡಿ ಯೋಜನೆಯ ಮಾರ್ಗಸೂಚಿಯಲ್ಲೇ ಇದೆ. ಕಲಿತದ್ದು ಅವರಿಗೆ ದಂಡವಾಗದು.

ಕಾರ್ಯಕರ್ತೆ, ಪಾಂಡವಪುರ
ಶಿಶು ಶಿಕ್ಷಣದ ಸರ್ಟಿಫಿಕೇಟ್ ಬಗ್ಗೆಯೂ ಅವರಿಗೆ ಹೇಳಿ ಮೇಡಂ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಪಿಯುಸಿ ಆದವರಿಗೆ 6 ತಿಂಗಳ ಸರ್ಟಿಫಿಕೇಟ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ಅಂತಿದೆ. ಕೆಲಸದಲ್ಲಿದ್ದುಕೊಂಡೇ ಟಿವಿ, ಮೊಬೈಲಲ್ಲಿ ಓದುವುದು, ಜೊತೆಗೆ ತಿಂಗಳಿಗೊಂದಾದರೂ ಸಂಪರ್ಕ ತರಗತಿ. ವಿಡಿಯೊ ಮನೆಯಲ್ಲಿ ನೋಡಿ ಅಂದರೆ ಆಗಲ್ಲ, ಟ್ರ್ಯಾಕರ್‌ಗೇ ಡೇಟಾ ಮುಗಿದಿರುತ್ತದೆ. ಸಭೆಯಲ್ಲೇ ಹತ್ತು ನಿಮಿಷದ್ದೊಂದು ಹಾಕಿ, ನಡುನಡುವೆ ನಿಲ್ಲಿಸಿ ‘ಇಲ್ಲಿ ಮಗು ಏನು ಮಾಡ್ತು?’ ಅಂತ ಕೇಳಿ. ಬೀಜ, ಚಿತ್ರದ ಕಾರ್ಡ್ ಕೂಡ ಅಲ್ಲೇ ಸಿದ್ಧವಾಗಲಿ. ಚೀಲದಲ್ಲಿ ಸಾಮಾನು ಇದ್ದರೆ ಮಾರನೇ ದಿನವೇ ಮಾಡಿಸಬಹುದು.