ಐದನೆಯ ತರಗತಿಗೆ ಬಂದ ಮೇಲೆ ವಾಕ್ಯದೋಷಗಳು ಹೆಚ್ಚಾಗಿವೆ: ಅನುಭವವಿದ್ದವರು ತಿಳಿಸಿ

ಪ್ರಶ್ನೆ:
ನಮಸ್ಕಾರ. ಮೂರನೆಯ ತರಗತಿಯಲ್ಲಿ ಚಿಕ್ಕಚಿಕ್ಕ ವಾಕ್ಯಗಳನ್ನು ತಪ್ಪಿಲ್ಲದೆ ಬರೆಯುತ್ತಿದ್ದ ನನ್ನ ಮಗಳು, ಐದನೆಯ ತರಗತಿಗೆ ಬಂದ ಮೇಲೆ ಉದ್ದುದ್ದ ವಾಕ್ಯಗಳನ್ನು ಬರೆಯತೊಡಗಿದ್ದಾಳೆ. ಅವುಗಳಲ್ಲಿ ಹಲವು ನಡುವೆಯೇ ದಾರಿ ತಪ್ಪುತ್ತವೆ. ಮನೆಯಲ್ಲಿ ವ್ಯಾಕರಣದ ಪಾಠ ಆರಂಭಿಸಬೇಕೇ, ಸ್ವಲ್ಪ ಕಾಯಬೇಕೇ? ಮಕ್ಕಳ ಬರವಣಿಗೆಯನ್ನು ಹತ್ತಿರದಿಂದ ಕಂಡವರು ದಯವಿಟ್ಟು ತಿಳಿಸಿ.

ಉತ್ತರ, ಪ್ರಾಥಮಿಕ ಶಾಲೆಯ ಭಾಷಾ ಶಿಕ್ಷಕಿ:
ತಪ್ಪುಗಳು ಎಷ್ಟಿವೆ ಎಂದು ಎಣಿಸುವ ಮೊದಲು, ಆ ತಪ್ಪಾಗುವಾಗ ಮಗು ಏನನ್ನು ಬರೆಯಲು ಹೊರಟಿತ್ತು ಎಂಬುದನ್ನು ನೋಡಿ. ಎಂಟು ವರ್ಷದ ಮಕ್ಕಳು ಮಾತನಾಡಿದಂತೆಯೇ ಬರೆಯುತ್ತಾರೆ: ‘ನಾನು ಬಾಗಿಲು ತೆರೆದೆ. ಆಮೇಲೆ ಬೆಕ್ಕು ಬಂತು. ಆಮೇಲೆ ಹಾಲು ಕುಡಿಯಿತು.’ ಇದರಲ್ಲಿ ತಪ್ಪಿಲ್ಲ, ಆದರೆ ಒಂದು ಸಂಗತಿಗೂ ಇನ್ನೊಂದಕ್ಕೂ ಇರುವ ಸಂಬಂಧವೂ ಕಾಣುವುದಿಲ್ಲ. ಅದೇ ಮಗು ಹತ್ತನೆಯ ವಯಸ್ಸಿನಲ್ಲಿ ‘ನಾನು ಬಾಗಿಲು ತೆರೆದು ಬೆಕ್ಕು ಒಳಗೆ ಬಂತು’ ಎಂದು ಬರೆಯುತ್ತದೆ. ‘ತೆರೆದು’ ಎಂಬ ಕೃದಂತಾವ್ಯಯ (ಕ್ರಿಯಾಪದದಿಂದ ಹುಟ್ಟಿ, ಮಾತನ್ನು ಮುಗಿಸದೆ ಮುಂದಿನ ಕ್ರಿಯೆಗೆ ಜೋಡಿಸುವ ಪದ) ಬಂದರೆ ಸಾಮಾನ್ಯವಾಗಿ ಎರಡೂ ಕ್ರಿಯೆಗಳಿಗೆ ಒಬ್ಬನೇ ಕರ್ತೃ ಇರಬೇಕು. ಇಲ್ಲಿ ತೆರೆದವರು ಒಬ್ಬರು, ಬಂದದ್ದು ಬೆಕ್ಕು. ಹಾಗಾಗಿ ‘ತೆರೆದಾಗ’ ಎಂದಾಗಬೇಕಿತ್ತು. ನನ್ನ ದೃಷ್ಟಿಯಲ್ಲಿ ಈ ತಪ್ಪು ವಾಕ್ಯ ಆ ಮೂರು ಸರಿಯಾದ ವಾಕ್ಯಗಳಿಗಿಂತ ಮುಂದಿನದು, ಏಕೆಂದರೆ ಎರಡು ಸಂಗತಿಗಳನ್ನು ಒಂದೇ ವಾಕ್ಯದಲ್ಲಿ ಹೆಣೆಯುವ ಪ್ರಯತ್ನ ಇಲ್ಲಿ ಮೊದಲಾಗಿದೆ.

ಈ ಬೆಳವಣಿಗೆಯನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಸಂಶೋಧಕ ಕೆಲಾಗ್ ಹಂಟ್ 1965ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಪ್ರಧಾನ ವಾಕ್ಯವನ್ನೂ ಅದನ್ನು ಆಶ್ರಯಿಸಿದ ಉಪವಾಕ್ಯಗಳನ್ನೂ ಸೇರಿಸಿ ಒಂದು ಘಟಕವೆಂದು ಎಣಿಸಿದರು. ನಾಲ್ಕನೆಯ ತರಗತಿಯ ಬರಹದಲ್ಲಿ ಆ ಘಟಕದ ಸರಾಸರಿ ಉದ್ದ 8.6 ಪದ, ಎಂಟನೆಯದರಲ್ಲಿ 11.5, ಹನ್ನೆರಡನೆಯದರಲ್ಲಿ 14.4. ಇವು ಇಂಗ್ಲಿಷ್ ಬರಹದ ಲೆಕ್ಕಗಳು. ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವ ಕನ್ನಡಕ್ಕೆ ಈ ಅಂಕಿಗಳು ಹೊಂದುವುದಿಲ್ಲ. ಆದರೆ ಬೆಳವಣಿಗೆ ನಿಧಾನವಾದದ್ದು, ಶಾಲೆಯ ಕೊನೆಯ ವರ್ಷದವರೆಗೂ ನಡೆಯುವಂಥದ್ದು ಎಂಬುದನ್ನು ನಮ್ಮ ಮಕ್ಕಳ ನೋಟ್‌ಬುಕ್ಕುಗಳಲ್ಲಿಯೂ ಕಂಡಿದ್ದೇನೆ.

ಇನ್ನು ಪಾಠದ ವಿಷಯ. ಸಂಶೋಧಕರಾದ ಸ್ಟೀವ್ ಗ್ರಹಾಂ ಮತ್ತು ಡೋಲೊರೆಸ್ ಪೆರಿನ್ 2007ರಲ್ಲಿ, ನಾಲ್ಕರಿಂದ ಹನ್ನೆರಡನೆಯ ತರಗತಿಯವರ ಬರವಣಿಗೆ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ವಾಕ್ಯಗಳನ್ನು ಜೋಡಿಸುವ ಅಭ್ಯಾಸದಿಂದ ಬರವಣಿಗೆ ಸುಧಾರಿಸಿದ್ದು ಕಂಡುಬಂತು. ವ್ಯಾಕರಣವನ್ನು ಬರವಣಿಗೆಯಿಂದ ಬೇರ್ಪಡಿಸಿ ಕಲಿಸಿದ್ದರಿಂದ ಅಂಥ ಲಾಭ ಕಾಣಲಿಲ್ಲ. ಆದ್ದರಿಂದ ಸಂಯೋಜಿತ ವಾಕ್ಯ, ಮಿಶ್ರ ವಾಕ್ಯಗಳ ಲಕ್ಷಣಗಳನ್ನು ಬಾಯಿಪಾಠ ಮಾಡಿಸಬೇಡಿ. ಅವಳೇ ಬರೆದ ಎರಡು ಚಿಕ್ಕ ವಾಕ್ಯಗಳನ್ನು ಮುಂದಿಟ್ಟು, ‘ಇವೆರಡನ್ನೂ ಎಷ್ಟು ಬಗೆಯಲ್ಲಿ ಸೇರಿಸಬಹುದು?’ ಎಂದು ಕೇಳಿ.

ಉತ್ತರ, ಇಬ್ಬರು ಮಕ್ಕಳ ತಂದೆ:
ನನ್ನ ಮಗ ಇದೇ ವಯಸ್ಸಿನಲ್ಲಿದ್ದಾಗ ನಾನು ಪುಟದ ತುಂಬ ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದೆ. ಕೆಲವೇ ವಾರಗಳಲ್ಲಿ ಅವನು ಮತ್ತೆ ಮೂರು ಪದದ ವಾಕ್ಯಗಳಿಗೆ ಇಳಿದ. ತಪ್ಪುಗಳು ನಿಂತವು, ಅದರ ಜೊತೆಗೆ ಹೇಳಬೇಕೆಂಬ ಹಂಬಲವೂ ನಿಂತಿತು. ಆ ದಿನಗಳನ್ನು ನೆನೆದರೆ ಈಗಲೂ ನೋವಾಗುತ್ತದೆ. ಎರಡನೆಯವಳ ವಿಷಯದಲ್ಲಿ ತಿದ್ದುವುದನ್ನು ಬಿಟ್ಟು, ಬರೆದದ್ದನ್ನು ಅವಳಿಂದಲೇ ಗಟ್ಟಿಯಾಗಿ ಓದಿಸಿದೆ. ಕರ್ತೃ ಬಹುವಚನದಲ್ಲಿದ್ದು ಕ್ರಿಯಾಪದ ಏಕವಚನದಲ್ಲಿ ಮುಗಿದ ಕಡೆ ನಾಲಿಗೆ ತಾನಾಗಿ ತಡೆಯುತ್ತಿತ್ತು.

ಉತ್ತರ, ಪ್ರೌಢಶಾಲೆಯ ಶಿಕ್ಷಕರು:
ಒಂದು ಎಚ್ಚರಿಕೆ ಮಾತ್ರ. ಉದ್ದವೇ ಗುರಿಯಾಗಬಾರದು. ಒಂಬತ್ತನೆಯ ತರಗತಿಯ ಹೊತ್ತಿಗೆ ಚೆನ್ನಾಗಿ ಬರೆಯುವ ಮಕ್ಕಳು ‘ಮಳೆ ಬರಲಿಲ್ಲ, ಅದಕ್ಕೆ ಬೆಳೆ ಒಣಗಿತು’ ಎಂಬುದನ್ನು ‘ಮಳೆಯ ಕೊರತೆಯಿಂದ ಬೆಳೆ ಒಣಗಿತು’ ಎಂದು ಅಡಕಗೊಳಿಸುತ್ತಾರೆ. ಓದುವುದೂ ಕಷ್ಟವಾಗಿ, ಅಕ್ಷರಗಳೂ ಪದೇಪದೇ ತಪ್ಪುತ್ತಿದ್ದರೆ ಮಾತ್ರ ಕಾಯದೆ ಕಲಿಕಾ ನ್ಯೂನತೆಯ ತಜ್ಞರನ್ನು ಕಾಣಿರಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಈಗಷ್ಟೇ ಅವಳ ನೋಟ್‌ಬುಕ್ ತೆರೆದು ನೋಡಿದೆ. ಗುರುತು ಹಾಕಿದ್ದ ಏಳು ತಪ್ಪುಗಳಲ್ಲಿ ಐದು ‘ಗಂಟೆ ಹೊಡೆದು ನಾವು ಓಡಿದೆವು’ ಎಂಬ ಬಗೆಯವೇ. ಇಂದು ಸಂಜೆ ಇದೊಂದನ್ನೇ ಅವಳ ಮುಂದಿಟ್ಟು, ಓಡಿದವರು ಯಾರು, ಹೊಡೆದದ್ದು ಯಾವುದು ಎಂದು ಕೇಳುತ್ತೇನೆ.