ಒಟಿಪಿ ಬರಲಿಲ್ಲ, ಆದರೂ ದುಡ್ಡು ಹೋಯಿತು: ಆಧಾರ್, ಪ್ಯಾನ್ ನಂಬರ್ ಕಾಪಾಡಿಕೊಳ್ಳುವ ಬಗ್ಗೆ ಪ್ರಶ್ನೋತ್ತರ

(ಉತ್ತರ ಕೊಡುತ್ತಿರುವವರು ಬ್ಯಾಂಕೊಂದರ ವಂಚನೆ ದೂರು ವಿಭಾಗದಲ್ಲಿ ಕೆಲಸ ಮಾಡುವ ನಮ್ಮ ಗುಂಪಿನ ಸದಸ್ಯರು.)

ಪ್ರಶ್ನೆ, ಹಾಸನದಿಂದ: ಅಮ್ಮನಿಗೆ 67 ವರ್ಷ. ಬಟನ್ ಫೋನ್ ಅಷ್ಟೇ ಇರೋದು, ಎಟಿಎಂ ಕಾರ್ಡೂ ಇಲ್ಲ. ನಿನ್ನೆ ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ ಮೂರು ಸಲ ಹತ್ತತ್ತು ಸಾವಿರ ಹೋಗಿದೆ. ಒಟಿಪಿ ಬಂದಿಲ್ಲ, ಯಾರೂ ಫೋನ್ ಮಾಡಿಲ್ಲ. ಬ್ಯಾಂಕಿನಲ್ಲಿ "ನಿಮ್ಮ ತಾಯಿಯೇ ಬೆರಳು ಒತ್ತಿ ತೆಗೆದಿದ್ದಾರೆ" ಅಂತಾರೆ. ಆ ದಿನಗಳಲ್ಲಿ ಅಮ್ಮ ಮನೆ ಬಿಟ್ಟು ಹೋಗೇ ಇಲ್ಲ. ಇದು ಹೇಗೆ ಸಾಧ್ಯ?

ಉತ್ತರ: ಮೊದಲು ಇದನ್ನು ಓದುತ್ತಾ ಕೂರಬೇಡಿ. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿ, ಆಮೇಲೆ ಬನ್ನಿ. ಹಣ ಇನ್ನೂ ಯಾವುದಾದರೂ ಖಾತೆಯಲ್ಲಿ ನಿಂತಿದ್ದರೆ ತಡೆಹಿಡಿಯಲು ಆಗುತ್ತದೆ.

ಪಾಸ್‌ಬುಕ್‌ನಲ್ಲಿ ಆ ಸಾಲುಗಳ ಪಕ್ಕ ಎಇಪಿಎಸ್ ಎಂದಿದೆಯಾ ನೋಡಿ. ಅದು ಆಧಾರ್ ಮೂಲಕ ದುಡ್ಡು ತೆಗೆಯುವ ವ್ಯವಸ್ಥೆ. ಬ್ಯಾಂಕ್ ಇಲ್ಲದ ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರು ಚಿಕ್ಕ ಯಂತ್ರ ಹಿಡಿದು ಬರುತ್ತಾರಲ್ಲ, ಅದೇ. ಅದಕ್ಕೆ ಮೂರೇ ವಿಷಯ ಸಾಕು: ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು. ಒಟಿಪಿ ಬೇಕಿಲ್ಲ, ಪಿನ್ ಬೇಕಿಲ್ಲ. ಬೆರಳಚ್ಚಿನ ನಕಲು ಮಾಡಿಕೊಂಡವನಿಗೆ ನಿಮ್ಮ ತಾಯಿ ಎದುರಿಗೆ ಇರಬೇಕಾಗಿಲ್ಲ.

ನಕಲು ಎಲ್ಲಿಂದ ಸಿಗುತ್ತದೆ ಅಂತ ಕೇಳುತ್ತೀರಿ. 2023ರಲ್ಲಿ ಬೆಂಗಳೂರಿನಲ್ಲಿ ಇಂಥ ದೂರುಗಳು ಸಾಲಾಗಿ ಬಂದವು. ದುಡ್ಡು ಕಳೆದುಕೊಂಡ ಎಷ್ಟೋ ಜನ ಅದಕ್ಕೆ ಸ್ವಲ್ಪ ಮುಂಚೆ ಸೈಟು, ಮನೆ ನೋಂದಣಿ ಮಾಡಿಸಿದವರು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಿಂದ ಇಳಿಸಿಕೊಂಡ ಕ್ರಯಪತ್ರಗಳಲ್ಲಿ ಆಧಾರ್ ನಂಬರ್, ಹೆಬ್ಬೆಟ್ಟಿನ ಗುರುತು ಎರಡೂ ಇದ್ದವು. ಆಮೇಲೆ ಪತ್ರಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡುವ ಕ್ರಮ ಬಂತು. ನಿಮ್ಮ ಅಮ್ಮನ ವಿಷಯದಲ್ಲಿ ಹೀಗೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ಹೆಬ್ಬೆಟ್ಟು ಒತ್ತಿದ ಕಾಗದ ಇನ್ನೂ ಬೇರೆ ಕಡೆ ಇರಬಹುದು.

ಈಗ ಬ್ಯಾಂಕಿನ ಮಾತಿಗೆ ಬರೋಣ. "ನೀವೇ ತೆಗೆದಿದ್ದೀರಿ" ಅಂತ ಬಾಯಲ್ಲಿ ಹೇಳಿದರೆ ಸಾಲದು. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಆದೇಶದ ಪ್ರಕಾರ ಗ್ರಾಹಕರ ತಪ್ಪು ಅಂತ ರುಜುವಾತು ಮಾಡಬೇಕಾದ್ದು ಬ್ಯಾಂಕ್. ಗ್ರಾಹಕರದ್ದೂ ತಪ್ಪಿಲ್ಲ, ಬ್ಯಾಂಕಿನದ್ದೂ ತಪ್ಪಿಲ್ಲ, ನಡುವೆ ಮತ್ತೆಲ್ಲೋ ಸೋರಿದೆ ಎಂದಾದರೆ, ವ್ಯವಹಾರದ ವಿಷಯ ಬ್ಯಾಂಕಿನಿಂದ ತಿಳಿದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವರಿಗೆ ನಷ್ಟದ ಹೊಣೆ ಇಲ್ಲ. ನಾಲ್ಕರಿಂದ ಏಳು ದಿನ ಆದರೆ ಹೊಣೆಗೆ ಒಂದು ಮಿತಿ ಇದೆ. ಎಸ್‌ಎಂಎಸ್ ಬರದೆ ಪಾಸ್‌ಬುಕ್ ನೋಡಿದಾಗಲೇ ಗೊತ್ತಾಗಿದ್ದರೆ ಅದನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಯಿರಿ. ದಿನದ ಲೆಕ್ಕ ಯಾವಾಗಿನಿಂದ ಎಂಬುದು ಅದರ ಮೇಲೇ ನಿಂತಿದೆ. ದೂರು ಬರವಣಿಗೆಯಲ್ಲೇ ಇರಲಿ. ನಕಲಿನ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ. ಆ ಖಾತೆಗೆ ಎಇಪಿಎಸ್ ನಿಲ್ಲಿಸಿ ಅಂತಲೂ ಅದರಲ್ಲೇ ಕೇಳಿ.

ಇವತ್ತೇ ಮಾಡಬೇಕಾದ ಇನ್ನೊಂದು ಕೆಲಸ ಬಯೋಮೆಟ್ರಿಕ್ ಲಾಕ್. ಮೈ ಆಧಾರ್ ಜಾಲತಾಣದಲ್ಲಿ ಅಥವಾ ಆಧಾರ್‌ನ ಅಧಿಕೃತ ಆಪ್‌ನಲ್ಲಿ ಲಾಕ್ ಮಾಡಿದರೆ ಬೆರಳು, ಕಣ್ಣು, ಮುಖ ಯಾವುದನ್ನು ತೋರಿಸಿದರೂ ಆಧಾರ್ ಒಪ್ಪುವುದಿಲ್ಲ. ಖರ್ಚಿಲ್ಲ. ಅಲ್ಲೇ "ಅಥೆಂಟಿಕೇಶನ್ ಹಿಸ್ಟರಿ" ತೆಗೆದು ನೋಡಿ. ಕಳೆದ ಆರು ತಿಂಗಳಲ್ಲಿ ಅಮ್ಮನ ಆಧಾರ್ ಯಾವ ದಿನ, ಎಷ್ಟು ಗಂಟೆಗೆ, ಯಾವ ಸಂಸ್ಥೆಯ ಮೂಲಕ ಬಳಕೆಯಾಗಿದೆ ಅಂತ ಬರುತ್ತದೆ. ಅದನ್ನು ಪ್ರಿಂಟ್ ಮಾಡಿ ದೂರಿನ ಜೊತೆ ಇಡಿ. ಇದಕ್ಕಿಂತ ಗಟ್ಟಿಯಾದ ದಾಖಲೆ ನಿಮ್ಮ ಕೈಗೆ ಬೇರೆ ಸಿಗಲ್ಲ.

ಪ್ರಶ್ನೆ, ಹಾಸನದಿಂದಲೇ: ದೂರು ಕೊಟ್ಟೆ ಸರ್, ನಂಬರ್ ಬಂತು. ಆದರೆ ಲಾಕ್ ಮಾಡಿದರೆ ರೇಷನ್ ಹೇಗೆ? ಗೃಹಲಕ್ಷ್ಮಿ ದುಡ್ಡು ನಿಂತು ಹೋಗುತ್ತಾ? ಅಮ್ಮನಿಗೆ ಅದೇ ಚಿಂತೆ.

ಉತ್ತರ: ಗೃಹಲಕ್ಷ್ಮಿ ನಿಲ್ಲಲ್ಲ. ಆ ಹಣ ಆಧಾರ್ ಜೋಡಿಸಿದ ಖಾತೆಗೆ ತಾನಾಗಿ ಬರುತ್ತದೆ, ಜಮಾ ಆಗಲು ಬೆರಳು ಬೇಕಿಲ್ಲ. ಪಿಂಚಣಿಯೂ ಹಾಗೇ.

ರೇಷನ್ ವಿಷಯದಲ್ಲಿ ಮಾತ್ರ ಅಮ್ಮನ ಚಿಂತೆ ಸರಿ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಬೇಕು, ಲಾಕ್ ಇದ್ದರೆ ಯಂತ್ರ ಒಪ್ಪಲ್ಲ. ತಿಂಗಳಿಗೊಮ್ಮೆ ಅಂಗಡಿ ಮುಂದೆ ನಿಂತು ತಾತ್ಕಾಲಿಕವಾಗಿ ಅನ್‌ಲಾಕ್ ಮಾಡಿ. ಹತ್ತು ನಿಮಿಷ ತೆರೆದಿದ್ದು ಮತ್ತೆ ತಾನೇ ಮುಚ್ಚಿಕೊಳ್ಳುತ್ತದೆ. ಮೊಬೈಲ್ ನಂಬರ್ ಆಧಾರ್‌ಗೆ ಜೋಡಣೆ ಆಗಿರಬೇಕು. ಒಟಿಪಿ ಬಟನ್ ಫೋನಿಗೂ ಬರುತ್ತದೆ, ಮೈ ಆಧಾರ್ ಜಾಲತಾಣವನ್ನು ನಿಮ್ಮ ಫೋನಿನಲ್ಲಿ ತೆರೆದರಾಯಿತು. ಇಲ್ಲವೇ, ಅದೇ ರೇಷನ್ ಕಾರ್ಡಿನಲ್ಲಿ ಹೆಸರಿರುವ ಮನೆಯ ಇನ್ನೊಬ್ಬರು ಹೋಗಿ ಬೆರಳು ಕೊಡಬಹುದು. ನನ್ನ ತಾಯಿಗೂ ಹೀಗೇ ಮಾಡಿದ್ದೇನೆ. ಎರಡು ತಿಂಗಳು ಕಿರಿಕಿರಿ ಅನ್ನಿಸಿತು, ಆಮೇಲೆ ಅಭ್ಯಾಸ ಆಯಿತು.

ಪ್ರಶ್ನೆ, ದಾವಣಗೆರೆಯಿಂದ: ಲಾಡ್ಜು, ಬಾಡಿಗೆ ಮನೆ, ಸಿಮ್ ಅಂಗಡಿ, ಎಲ್ಲ ಕಡೆ ಆಧಾರ್ ಜೆರಾಕ್ಸ್ ಕೇಳುತ್ತಾರೆ. ಕೊಡಲ್ಲ ಅನ್ನಬಹುದಾ?

ಉತ್ತರ: ಅನ್ನಬಹುದು. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದು ತೀರ್ಪು ಕೊಟ್ಟಿತು. ಸಿಮ್‌ಗಾಗಲಿ, ಬ್ಯಾಂಕ್ ಖಾತೆಗಾಗಲಿ, ಶಾಲೆ ಸೇರಲಾಗಲಿ ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂದಿತು. ಹಾಗಾಗಿ ವೋಟರ್ ಕಾರ್ಡೋ ಡಿಎಲ್ಲೋ ತೋರಿಸಿ. ರಾತ್ರಿ ಹತ್ತು ಗಂಟೆಗೆ ಮಕ್ಕಳನ್ನು ಕಟ್ಟಿಕೊಂಡು ಲಾಡ್ಜಿನ ಮುಂದೆ ವಾದ ಮಾಡಲಾಗಲ್ಲ, ಗೊತ್ತು. ಅದಕ್ಕೇ ಮಾಸ್ಕ್ಡ್ ಆಧಾರ್ ಇಳಿಸಿಟ್ಟುಕೊಳ್ಳಿ. ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ಜೆರಾಕ್ಸ್ ಮೇಲೆ ಅಡ್ಡಲಾಗಿ "ಬಾಡಿಗೆ ಕರಾರಿಗೆ ಮಾತ್ರ" ಅಂತ ಬರೆದು ತಾರೀಕು ಹಾಕಿ, ಅಕ್ಷರ ಫೋಟೋ ಮೇಲೂ ಹಾಯಲಿ.

ಜೆರಾಕ್ಸ್ ಅಂಗಡಿಯವರ ವಾಟ್ಸಾಪ್‌ಗೆ ಆಧಾರ್ ಕಳಿಸುತ್ತೇವಲ್ಲ, ಅದು ನನಗೆ ಜಾಸ್ತಿ ಭಯ. ಪ್ರಿಂಟ್ ಆದ ಮೇಲೆ ಎದುರಿಗೇ ಅಳಿಸಲು ಹೇಳಿ. ಇದರಲ್ಲಿ ಸಂಕೋಚ ಬೇಡ.

ಪ್ರಶ್ನೆ, ಪುಣೆಯಲ್ಲಿರುವ ಧಾರವಾಡದವರಿಂದ: ನನ್ನ ಪ್ಯಾನ್ ಮೇಲೆ ಯಾರೋ ಆಪ್ ಸಾಲ ತೆಗೆದಿದ್ದಾರೆ. ವಸೂಲಿಯವರು ಫೋನ್ ಮಾಡಿದಾಗಲೇ ಗೊತ್ತಾಗಿದ್ದು.

ಉತ್ತರ: ಅವರ ಕಾಟ ತಾಳದೆ ಒಂದು ಕಂತನ್ನೂ ಕಟ್ಟಬೇಡಿ. ಕಟ್ಟಿದರೆ ಸಾಲ ನನ್ನದೇ ಅಂತ ಒಪ್ಪಿಕೊಂಡ ಹಾಗೆ ಕಾಣುತ್ತದೆ. ನಮ್ಮ ಸಾಲಗಳ ದಾಖಲೆ ಇಡುವ ಸಂಸ್ಥೆಗಳಾದ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ನಾಲ್ಕೂ ವರ್ಷಕ್ಕೊಂದು ವರದಿ ಉಚಿತವಾಗಿ ಕೊಡಬೇಕು. ನಾಲ್ಕನ್ನೂ ತೆಗೆಸಿ, ಇನ್ನೂ ಸಾಲ ಇದೆಯಾ ನೋಡಿ. ಸೈಬರ್ ಪೊಲೀಸ್ ದೂರಿನ ಪ್ರತಿ ಇಟ್ಟು, ಸಾಲ ಕೊಟ್ಟ ಕಂಪನಿಗೂ ಆ ಸಂಸ್ಥೆಗಳಿಗೂ ತಕರಾರು ಸಲ್ಲಿಸಿ. 30 ದಿನದಲ್ಲಿ ಇತ್ಯರ್ಥ ಆಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮ ಇದೆ. ಸಾಲದ ಹಣ ಯಾವ ಖಾತೆಗೆ ಹೋಗಿದೆ ಅಂತ ಕಂಪನಿಯನ್ನು ಲಿಖಿತವಾಗಿ ಕೇಳಿ. ಆ ಖಾತೆ ನಿಮ್ಮದಲ್ಲ ಎಂದಾಗ ಅವರ ದನಿ ಇಳಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತಲೂ ನೋಡಿ. ಗುರುತಿಲ್ಲದ್ದು ಕಂಡರೆ ಅಲ್ಲೇ ನನ್ನದಲ್ಲ ಅಂತ ಒತ್ತಿ.

ಹಾಸನದಿಂದ: ಲಾಕ್ ಆಯಿತು ಸರ್. ಹಿಸ್ಟರಿಯಲ್ಲಿ ಮೂರು ಬಳಕೆಯೂ ರಾತ್ರಿ 11ರ ಮೇಲೆ ಅಂತಿದೆ. ಅಮ್ಮ ಒಂಬತ್ತಕ್ಕೆ ಮಲಗುತ್ತಾರೆ.

ಉತ್ತರ: ಆ ಸಮಯವನ್ನು ದೂರಿನ ಮೊದಲ ಸಾಲಿನಲ್ಲೇ ಬರೆಯಿರಿ. ಆ ಹೊತ್ತಿನಲ್ಲಿ ಯಾವ ಊರಿನ, ಯಾವ ಯಂತ್ರದ ಮುಂದೆ ಅಮ್ಮ ಬೆರಳು ಒತ್ತಿದರು ಅಂತ ಬ್ಯಾಂಕನ್ನೇ ಕೇಳಿ. ಉತ್ತರ ಬಂದ ಮೇಲೆ ಇಲ್ಲಿ ಹಾಕಿ, ಮುಂದಿನ ಪತ್ರ ನಾನೇ ಬರೆದುಕೊಡುತ್ತೇನೆ.